ಎಲೆಗಿಂತ ಮೊದಲು ಗೆಣ್ಣು ನೋಡಿ

ಮನೆಯೊಳಗೆ ಇಳಿಬಿಟ್ಟ ಬಳ್ಳಿಗಳಲ್ಲಿ ಹೆಚ್ಚಿನವು ಹೆಸರಿಲ್ಲದೆ ಬಂದಂಥವು. ಪಕ್ಕದ ಮನೆಯವರನ್ನು ಕೇಳಿ ಮುರಿದು ತಂದ ಕಡ್ಡಿ, ಗೃಹಪ್ರವೇಶದ ದಿನ ಯಾರೋ ಕೈಗಿಟ್ಟು ಹೋದ ಪುಟ್ಟ ಕುಂಡ, ತಳ್ಳುಗಾಡಿಯಲ್ಲಿ ಚೌಕಾಸಿ ಮಾಡಿ ಕೊಂಡ ತೂಗುಬುಟ್ಟಿ. ಮನಿ ಪ್ಲಾಂಟನ್ನು ಕೊಂಡು ತರಬಾರದು, ಕೇಳದೆ ಕಿತ್ತು ತಂದರೇ ಚೆನ್ನಾಗಿ ಹಬ್ಬುತ್ತದೆ ಎಂಬ ನಂಬಿಕೆ ಬೇರೆ ಇದೆ. ಹೀಗೆ ಕೈಯಿಂದ ಕೈಗೆ ದಾಟುವಾಗ ಕಡ್ಡಿಯ ಜೊತೆ ಹೆಸರು ಬರುವುದಿಲ್ಲ. ಕೊನೆಗೆ ಹೃದಯದಾಕಾರದ ಎಲೆಯಿರುವ ಬಳ್ಳಿಯೆಲ್ಲ ಮನಿ ಪ್ಲಾಂಟ್ ಅನ್ನಿಸಿಕೊಳ್ಳುತ್ತದೆ.

ಹೆಸರು ಗೊತ್ತಿಲ್ಲದಿದ್ದರೆ ಏನಂತೆ, ಹಸಿರಾಗಿದ್ದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಮನಿ ಪ್ಲಾಂಟಿಗೆ ಹಾಕುವಷ್ಟೇ ನೀರನ್ನು ಹೋಯಾಗೆ ಹಾಕುತ್ತ ಹೋದರೆ ಅದರ ಬೇರು ಕೊಳೆಯುತ್ತದೆ. ನೆರಳಿನಲ್ಲಿ ಸುಖವಾಗಿರುವ ಫಿಲೊಡೆಂಡ್ರಾನ್‌ನ ಜಾಗದಲ್ಲಿ ಟ್ರೇಡ್‌ಸ್ಕ್ಯಾಂಶಿಯಾ ಇಟ್ಟರೆ ಅದು ಬಣ್ಣ ಕಳೆದುಕೊಂಡು ಸೊರಗುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಅಂಬೆಗಾಲಿಡುವ ಮಗುವೋ ಬೆಕ್ಕೋ ಇರುವ ಮನೆಯಲ್ಲಿ ಕೈಗೆಟುಕುವ ಎಲೆ ಬಾಯಿಗೆ ಹೋದರೆ ಏನಾಗುತ್ತದೆ ಎಂಬುದು ಬಳ್ಳಿ ಯಾವುದು ಎನ್ನುವುದರ ಮೇಲೆ ನಿಂತಿದೆ.

ಗಾತ್ರವನ್ನೂ ಬಣ್ಣವನ್ನೂ ಬದಿಗಿಡಿ

ಗುರುತು ಹಿಡಿಯಲು ಹೊರಟವರು ಮೊದಲು ನೋಡುವುದು ಎಲೆಯ ಬಣ್ಣ, ಆಮೇಲೆ ಗಾತ್ರ. ಈ ಎರಡೂ ಬೆಳಕಿಗೆ, ಬೆಳೆಯುವ ರೀತಿಗೆ ತಕ್ಕಂತೆ ಬದಲಾಗುತ್ತವೆ. ಮನಿ ಪ್ಲಾಂಟನ್ನೇ ನೋಡಿ. ತೂಗುಕುಂಡದಿಂದ ಕೆಳಗಿಳಿಯುವಾಗ ಅದರ ಎಲೆ ಅಂಗೈಯಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಚಿಕ್ಕದು. ಅದೇ ಬಳ್ಳಿ ಪಾರ್ಕಿನ ದೊಡ್ಡ ಮರವನ್ನು ಹತ್ತಿತೆಂದರೆ ಎಲೆ ಮೊಳದುದ್ದ ಮೀರಿ ಬೆಳೆದು, ಅಂಚಿನಿಂದ ಒಳಕ್ಕೆ ಸೀಳಿಕೊಳ್ಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಗಿಡ ಎಂದು ನಂಬುವುದು ಕಷ್ಟ. ಹಳದಿ ಪಟ್ಟೆಯ ಮನಿ ಪ್ಲಾಂಟನ್ನು ಕತ್ತಲೆ ಮೂಲೆಯಲ್ಲಿಟ್ಟರೆ ಹೊಸ ಎಲೆಗಳು ಬರೀ ಹಸಿರಾಗಿ ಬರತೊಡಗುತ್ತವೆ. ನೇರಳೆ ಬಣ್ಣದ ಬಳ್ಳಿಗಳೂ ಹಾಗೆಯೇ.

ಸಸ್ಯವಿಜ್ಞಾನಿಗಳೂ ಈ ಬಳ್ಳಿಯ ವಿಷಯದಲ್ಲಿ ಬಹಳ ಕಾಲ ಒದ್ದಾಡಿದ್ದಾರೆ. 1880ರಲ್ಲಿ ಇದನ್ನು ಪೋಥೋಸ್ ಕುಲಕ್ಕೆ ಸೇರಿಸಿ ಹೆಸರಿಟ್ಟರು. ಮುಂದೆ ಸಿಂಡಾಪ್ಸಸ್, ರಾಫಿಡೋಫೋರಾ ಎಂದು ಕುಲ ಬದಲಾಗಿ, 1964ರಲ್ಲಿ ಎಪಿಪ್ರೆಮ್ನಮ್ ಔರಿಯಮ್ ಎಂಬಲ್ಲಿಗೆ ಬಂದು ನಿಂತಿತು. ಗಿಡವನ್ನು ಕುಲಕ್ಕೆ ಸೇರಿಸಲು ಹೂವು ಬೇಕು, ಈ ಬಳ್ಳಿಯೋ ಹೂ ಬಿಡುವುದೇ ಅಪರೂಪ. ಹೂ ಬಿಡಲು ಬೇಕಾದ ಜಿಬ್ಬೆರೆಲಿನ್ ಹಾರ್ಮೋನು ಇದರಲ್ಲಿ ಸರಿಯಾಗಿ ತಯಾರಾಗುವುದಿಲ್ಲ ಎಂಬುದು 2016ರ ಒಂದು ಸಂಶೋಧನೆಯಿಂದ ತಿಳಿಯಿತು. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದಿಂದ ಹೊರಟು ಜಗತ್ತನ್ನೆಲ್ಲ ಹಬ್ಬಿದ ಈ ಬಳ್ಳಿ ಹಬ್ಬಿರುವುದು ಬೀಜದಿಂದಲ್ಲ, ಕಡ್ಡಿಯಿಂದ.

ಅದರ ಹಳೆಯ ಹೆಸರು ಮಾತ್ರ ನರ್ಸರಿಗಳಲ್ಲಿ ಈಗಲೂ ಉಳಿದಿದೆ. ನಿಜವಾದ ಪೋಥೋಸ್ ನಮ್ಮ ಮಲೆನಾಡಿನ ಕಾಡುಗಳಲ್ಲೇ ಇದೆ. ಮರದ ಕಾಂಡಕ್ಕೆ ಅಂಟಿಕೊಂಡು ಹತ್ತುವ ಅದರ ತೊಟ್ಟು ಅಗಲವಾಗಿ ಚಪ್ಪಟೆಯಾಗಿರುವುದರಿಂದ, ಒಂದು ಎಲೆಯ ತುದಿಗೆ ಇನ್ನೊಂದು ಎಲೆ ಜೋಡಿಸಿದ ಹಾಗೆ ಕಾಣುತ್ತದೆ. ಒಮ್ಮೆ ನೋಡಿದವರಿಗೆ ಅದು ಮತ್ತೆ ತಪ್ಪುವುದಿಲ್ಲ.

ಹೂವು ಸಿಗದ, ಗಾತ್ರವೂ ಬಣ್ಣವೂ ನಿಲ್ಲದ ಬಳ್ಳಿಯನ್ನು ಗುರುತಿಸಬೇಕಾದರೆ ನೋಡಬೇಕಾದ ಜಾಗ ಗೆಣ್ಣು. ಕಬ್ಬಿನ ಜಲ್ಲೆಯಲ್ಲಿ ನಾವೆಲ್ಲ ನೋಡಿರುವ ಗೆಣ್ಣೇ ಇಲ್ಲೂ ಇರುವುದು. ಎಲೆಯ ತೊಟ್ಟು ಕಾಂಡಕ್ಕೆ ಸೇರುವ, ಬೇರು ಹೊರಡುವ, ಹೊಸ ಕುಡಿ ಒಡೆಯುವ ಜಾಗ ಅದು. ಎಲೆ ಎಷ್ಟೇ ವೇಷ ಬದಲಿಸಿದರೂ ಗೆಣ್ಣಿನ ಕಟ್ಟೋಣ ಬದಲಾಗದು. ಬಳ್ಳಿಯನ್ನು ಕಿಟಕಿಯ ಬೆಳಕಿಗೆ ತಂದು, ಕುಡಿಯಿಂದ ಕೆಳಕ್ಕೆ ನಾಲ್ಕೈದು ಗೆಣ್ಣುಗಳನ್ನು ಬೆರಳಿನಿಂದ ಸವರುತ್ತ ನೋಡಿ. ಒಂದು ಸಣ್ಣ ಭೂತಗನ್ನಡಿ ಇದ್ದರೆ ಒಳ್ಳೆಯದು. ಮೊಬೈಲಿನ ಕ್ಯಾಮೆರಾವನ್ನು ಹಿಗ್ಗಿಸಿ ನೋಡಿದರೂ ಸಾಕು.

ಮೊದಲು ಕೇಳಿಕೊಳ್ಳಬೇಕಾದದ್ದು, ಒಂದು ಗೆಣ್ಣಿನಲ್ಲಿ ಎಷ್ಟು ಎಲೆ ಎಂದು. ಒಂದೇ ಎಲೆಯಿದ್ದು, ಮುಂದಿನ ಗೆಣ್ಣಿನಲ್ಲಿ ಮತ್ತೊಂದು ಬದಿಗೆ ಇನ್ನೊಂದು ಎಲೆಯಿದ್ದರೆ ಒಂದು ಗುಂಪು. ತುಳಸಿ, ಮಲ್ಲಿಗೆಗಳಂತೆ ಎದುರುಬದುರಾಗಿ ಎರಡೆಲೆ ಇದ್ದರೆ ಮತ್ತೊಂದು ಗುಂಪು. ಇದೊಂದನ್ನೇ ಗಮನಿಸಿದರೆ ಅರ್ಧದಷ್ಟು ಹೆಸರುಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್, ಸಿಂಗೋನಿಯಂ, ವೀಳ್ಯದೆಲೆ, ಅಮೃತಬಳ್ಳಿ, ಐವಿ ಎಲ್ಲವೂ ಒಂಟಿ ಎಲೆಯವು. ಹೋಯಾ, ಡಿಸ್ಕಿಡಿಯಾ, ಸ್ವೀಡಿಷ್ ಐವಿ ಜೋಡಿ ಎಲೆಯವು.

ಮನಿ ಪ್ಲಾಂಟೋ, ಫಿಲೊಡೆಂಡ್ರಾನೋ, ವೀಳ್ಯದೆಲೆಯೋ?

ನಮ್ಮ ಕಡೆ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಈ ಮೂರು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿಯೇ ನೋಡೋಣ.

ಮನಿ ಪ್ಲಾಂಟಿನ ಎಲೆತೊಟ್ಟಿನ ಮೇಲ್ಭಾಗದಲ್ಲಿ ಹೆಬ್ಬೆರಳಿನ ಉಗುರು ಎಳೆದರೆ ಒಂದು ಕಾಲುವೆ ಸಿಗುತ್ತದೆ. ಆ ಕಾಲುವೆಯ ಎರಡು ಅಂಚಿಗೂ ತೆಳ್ಳಗಿನ ಪೊರೆ ಇದ್ದು, ಎಲೆ ಬಲಿತಂತೆ ಅದು ಕಂದಾಗಿ ಒಣಗಿ ಅಲ್ಲೇ ಅಂಟಿಕೊಂಡಿರುತ್ತದೆ. ಹೊಸ ಎಲೆ ಸುರುಳಿ ಸುತ್ತಿಕೊಂಡು ಹೊರಬರುವುದು ಹಿಂದಿನ ಎಲೆಯ ಈ ತೊಟ್ಟಿನ ಮಡಿಲಿನಿಂದಲೇ. ಕಾಂಡದ ಮೇಲೆ ಉದ್ದುದ್ದ ಗೆರೆಗಳಿರುತ್ತವೆ. ಪ್ರತಿ ಗೆಣ್ಣಿನ ಕೆಳಗೂ ಕಂದು ಬಣ್ಣದ, ಗಟ್ಟಿಯಾದ ಒಂದು ಮೊಳಕೆಯಂಥ ಗಾಳಿಬೇರು ಕಾಣುತ್ತದೆ. ಎಲೆ ದಪ್ಪ, ಮೇಣ ಸವರಿದಂತೆ ಹೊಳಪು. ನಡುನರದ ಎರಡು ಬದಿ ಅಷ್ಟೇನೂ ಸಮನಾಗಿರುವುದಿಲ್ಲ.

ಹೃದಯದೆಲೆಯ ಫಿಲೊಡೆಂಡ್ರಾನ್ ಮೇಲ್ನೋಟಕ್ಕೆ ಹಸಿರು ಮನಿ ಪ್ಲಾಂಟಿನ ತಂಗಿ. ತೊಟ್ಟು ಮುಟ್ಟಿ ನೋಡಿ. ಅಲ್ಲಿ ಕಾಲುವೆ ಇಲ್ಲ, ದುಂಡಗೆ ನುಣುಪಾಗಿರುತ್ತದೆ. ಕಾಂಡವೂ ಸಣ್ಣ, ಗೆರೆಯಿಲ್ಲದ್ದು. ಎಲೆ ತೆಳು, ಬುಡದಲ್ಲಿ ಹೃದಯದ ಕೊರಕಲು ಆಳ, ತುದಿ ಚೂಪು. ಎಲ್ಲಕ್ಕಿಂತ ಖಚಿತವಾದ ಗುರುತು ಕುಡಿಯಲ್ಲಿದೆ. ಇಲ್ಲಿ ಹೊಸ ಎಲೆಗೆ ಅದರದ್ದೇ ಆದ ಒಂದು ಪ್ರತ್ಯೇಕ ಹೊದಿಕೆ ಇರುತ್ತದೆ. ಬಾಳೆಮೂತಿಯ ಮೇಲಿನ ಸಿಪ್ಪೆ ಬಿಚ್ಚಿಕೊಳ್ಳುವ ಹಾಗೆ ಇದು ಬಿಚ್ಚಿ ಎಲೆಯನ್ನು ಹೊರಬಿಡುತ್ತದೆ, ಆಮೇಲೆ ಒಣಗಿ ಕಾಗದದ ಚೂರಿನಂತಾಗಿ ಗೆಣ್ಣಿನಲ್ಲಿ ಕೆಲಕಾಲ ಜೋತಾಡುತ್ತದೆ ಇಲ್ಲವೇ ಉದುರುತ್ತದೆ. ಗೆಣ್ಣಿಗೆ ಒಂದೇ ದಪ್ಪ ಬೇರಿನ ಬದಲು ನಾಲ್ಕಾರು ಸಣ್ಣ ಬೇರುಗಳು ಇಲ್ಲಿ ಗೊಂಚಲಾಗಿ ಹೊರಡುತ್ತವೆ.

ಇನ್ನು ವೀಳ್ಯದೆಲೆ. ಹಿತ್ತಿಲಿನಲ್ಲಿ, ಬಾಲ್ಕನಿಯ ಕುಂಡದಲ್ಲಿ ಒಂದು ವೀಳ್ಯದ ಬಳ್ಳಿ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಅದರ ಪಕ್ಕದಲ್ಲೇ ಫಿಲೊಡೆಂಡ್ರಾನ್ ಹಬ್ಬಿದ್ದರೆ, ಊಟವಾದ ಮೇಲೆ ಅಜ್ಜಿ ಕೈ ಚಾಚಿ ಎಲೆ ಕೀಳುವುದು ಯಾವುದರಿಂದ ಎಂಬುದು ನಿಜಕ್ಕೂ ಯೋಚಿಸಬೇಕಾದ ವಿಷಯ. ವೀಳ್ಯದ ಕುಡಿಗೂ ಬೇಗನೆ ಉದುರುವ ಪುಟ್ಟ ಪೊರೆ ಇರುವುದರಿಂದ ಪೊರೆಯೊಂದನ್ನೇ ನೆಚ್ಚುವಂತಿಲ್ಲ. ಎಲೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ. ವೀಳ್ಯದೆಲೆಯಲ್ಲಿ ಬುಡದ ಹತ್ತಿರದಿಂದಲೇ ಐದೋ ಏಳೋ ದಪ್ಪ ನರಗಳು ಹೊರಟು, ಬಿಲ್ಲಿನಂತೆ ಬಾಗಿ ತುದಿಯ ಕಡೆ ಹೋಗುತ್ತವೆ. ಕರಿಮೆಣಸಿನ ಬಳ್ಳಿಯೂ ಇದೇ ಮನೆತನದ್ದು, ಅದರ ನರಗಳೂ ಹೀಗೆಯೇ. ಫಿಲೊಡೆಂಡ್ರಾನ್‌ನಲ್ಲಿ ನಡುನರವೊಂದೇ ಎದ್ದು ಕಾಣುತ್ತದೆ, ಉಳಿದವು ಅದರಿಂದ ಪಕ್ಕಕ್ಕೆ ಹರಿಯುವ ಎಳೆಗಳು. ವೀಳ್ಯದ ಗೆಣ್ಣು ಉಬ್ಬಿಕೊಂಡಿರುತ್ತದೆ. ಕೊನೆಗೆ ಎಲೆಯ ಅಂಚನ್ನು ಚೂರು ಹಿಸುಕಿ ಮೂಸಿ ನೋಡಿ. ಆ ಘಾಟು ವೀಳ್ಯಕ್ಕಲ್ಲದೆ ಬೇರೆಯದಕ್ಕಿಲ್ಲ. ಘಾಟು ಬಾರದಿದ್ದರೆ ಆ ಎಲೆಗೆ ಸುಣ್ಣ ಸವರಬೇಡಿ.

ಬಾಯಿಗಿಟ್ಟು ಪರೀಕ್ಷೆ ಮಾಡುವುದಂತೂ ಬೇಡವೇ ಬೇಡ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್, ಸಿಂಗೋನಿಯಂ ಎಲ್ಲವೂ ಕೆಸುವಿನ ಕುಟುಂಬದವು. ಪತ್ರೊಡೆ ಮಾಡುವವರಿಗೆ ಕೆಸುವಿನ ಎಲೆಯ ತುರಿಕೆ ಗೊತ್ತು, ಅದಕ್ಕೇ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಆ ತುರಿಕೆಗೆ ಕಾರಣ. ಅವೇ ಹರಳುಗಳು ಈ ಬಳ್ಳಿಗಳ ಹಸಿ ಎಲೆಯಲ್ಲೂ ಇವೆ. ಜಗಿದರೆ ತುಟಿ, ನಾಲಿಗೆ, ಗಂಟಲು ಉರಿಯುತ್ತವೆ, ಜೊಲ್ಲು ಸುರಿಯುತ್ತದೆ, ಊದಿಕೊಳ್ಳುವುದೂ ಉಂಟು. ಮಗು ಜಗಿದದ್ದು ಕಂಡರೆ ಬಾಯಲ್ಲಿ ಉಳಿದ ಚೂರುಗಳನ್ನು ತೆಗೆದು, ತಣ್ಣೀರಿನಲ್ಲಿ ಬಾಯಿ ಒರೆಸಿ, ಕುಡಿಯಲು ಸ್ವಲ್ಪ ತಣ್ಣನೆಯ ಹಾಲು ಕೊಡಿ. ವಾಂತಿ ಮಾಡಿಸಲು ಹೋಗಬೇಡಿ. ನಾಲಿಗೆ ಊದಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹೋಗುವಾಗ ಆ ಬಳ್ಳಿಯ ಒಂದು ತುಂಡನ್ನೂ ಕೊಂಡೊಯ್ಯಿರಿ.

ಇದೇ ಗುಂಪಿನ ಇನ್ನೆರಡನ್ನು ಇಲ್ಲೇ ಹೇಳಿಬಿಡುತ್ತೇನೆ. ಎಲೆಯ ಮೇಲೆ ಬೆಳ್ಳಿ ಚೆಲ್ಲಿದಂತೆ ಮಚ್ಚೆಗಳಿದ್ದು, ಹೊಳಪಿಲ್ಲದೆ ಮಖಮಲ್ಲಿನ ಹಾಗೆ ಕಂಡರೆ ಅದು ಸಿಂಡಾಪ್ಸಸ್ ಪಿಕ್ಟಸ್. ನರ್ಸರಿಯಲ್ಲಿ ಇದನ್ನು ಸ್ಯಾಟಿನ್ ಪೋಥೋಸ್ ಎಂದೂ, ಸಿಲ್ವರ್ ಫಿಲೊಡೆಂಡ್ರಾನ್ ಎಂದೂ ಮಾರುತ್ತಾರೆ. ಎರಡೂ ಅಲ್ಲ. ಬಾಯಾರಿದಾಗ ಇದರ ಎಲೆ ಅಂಚಿನಿಂದ ಒಳಕ್ಕೆ ಸುರುಳಿಯಾಗುತ್ತದೆ, ನೀರು ಹಾಕಲು ಅದೇ ಸೂಚನೆ. ಎಲೆ ಬಾಣದ ಮೊನೆಯಂತಿದ್ದು, ತೊಟ್ಟು ಚುಚ್ಚಿದರೆ ಹಾಲು ಬಂದರೆ ಸಿಂಗೋನಿಯಂ. ಬಲಿತ ಮೇಲೆ ಇದರ ಎಲೆ ಬೆರಳುಗಳಂತೆ ಹಲವು ಭಾಗವಾಗಿ ಒಡೆದುಕೊಳ್ಳುವುದರಿಂದ, ಒಂದೇ ಬಳ್ಳಿಯಲ್ಲಿ ಎರಡು ಬಗೆಯ ಎಲೆ ನೋಡಿ ಕುಂಡದಲ್ಲಿ ಎರಡು ಗಿಡಗಳಿವೆ ಎಂದುಕೊಳ್ಳುವವರು ಬಹಳ.

ಹಾಲು ಬಂದರೆ

ತೊಟ್ಟನ್ನು ಸೂಜಿಯಿಂದ ಸಣ್ಣಗೆ ಚುಚ್ಚಿ ಸೊನೆ ಹೇಗಿದೆ ನೋಡುವುದು ಒಳ್ಳೆಯ ಪರೀಕ್ಷೆ. ಕತ್ತರಿಸುವ ಅಗತ್ಯವಿಲ್ಲ. ನೋಡಿದ ಮೇಲೆ ಕೈ ತೊಳೆಯಿರಿ, ಅಷ್ಟರೊಳಗೆ ಕಣ್ಣುಜ್ಜಬೇಡಿ.

ಜೋಡಿ ಎಲೆ, ದಪ್ಪ ಎಲೆ, ಬಿಳಿ ಹಾಲು, ಈ ಮೂರೂ ಒಟ್ಟಿಗಿದ್ದರೆ ಮೊದಲು ನೆನೆಯಬೇಕಾದದ್ದು ಹೋಯಾ. ಇದು ಎಕ್ಕದ ಬಂಧು. ಎಕ್ಕದಲ್ಲೂ ಜೋಡಿ ಎಲೆ, ಹಾಲು. ಎಕ್ಕದ ಹೂವಿನ ನಡುವೆ ಇರುವ ಕಿರೀಟದಂಥ ರಚನೆ ಹೋಯಾ ಹೂವಿನಲ್ಲೂ ಇದೆ. ಇಂಗ್ಲೆಂಡಿನ ಸಯನ್ ಹೌಸ್ ತೋಟದ ಮಾಲಿ ಥಾಮಸ್ ಹೋಯ್ ಅವರ ಗೌರವಕ್ಕೆ ರಾಬರ್ಟ್ ಬ್ರೌನ್ 1810ರಲ್ಲಿ ಈ ಹೆಸರಿಟ್ಟರು. ಹೊರನಾಡಿನ ಗಿಡ ಎಂದು ಇದನ್ನು ದುಬಾರಿ ಬೆಲೆಗೆ ಕೊಳ್ಳುವವರಿಗೆ ಒಂದು ಮಾತು: ಹೋಯಾ ವೈಟಿಯೈ ಎಂಬ ಜಾತಿ ನಮ್ಮ ಪಶ್ಚಿಮಘಟ್ಟದ್ದೇ.

ಹೋಯಾ ಎಂದು ತಿಳಿಯದ ಕಾರಣಕ್ಕೆ ಆಗುವ ಎರಡು ಹಾನಿಗಳನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ. ಮೊದಲಿಗೆ, ಇದು ಎಲೆಯೇ ಇಲ್ಲದ ಉದ್ದನೆಯ ಹಂಬನ್ನು ಚಾಚುತ್ತದೆ. ಒಣಕಲು ಎಂದುಕೊಂಡು ಅದನ್ನು ಕತ್ತರಿಸಿ ಎಸೆಯುತ್ತಾರೆ. ಎಲೆ ಬರುವುದೇ ಆ ಹಂಬಿನ ಮೇಲೆ, ಸ್ವಲ್ಪ ತಡವಾಗಿ. ಇನ್ನೊಂದು, ಹೂ ಬಾಡಿದ ಮೇಲೆ ಉಳಿಯುವ ಮೋಟು ಕಡ್ಡಿಯನ್ನು ಚಿವುಟುತ್ತಾರೆ. ಹೋಯಾ ಮುಂದಿನ ಸಲ ಹೂ ಬಿಡುವುದು ಅದೇ ಮೋಟಿನಲ್ಲಿ.

ಪ್ರೇಮಿಗಳ ದಿನದ ಹೊತ್ತಿಗೆ ಪುಟ್ಟ ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದೇ ಒಂದು ಹೃದಯದೆಲೆ ಮಾರಾಟಕ್ಕೆ ಬರುತ್ತದೆ. ಅದು ಹೋಯಾ ಕೆರಿಯೈ. ಬರೀ ಎಲೆಯನ್ನು ನೆಟ್ಟಿದ್ದರೆ ಬೇರು ಬಿಟ್ಟು ವರ್ಷಗಟ್ಟಲೆ ಹಸಿರಾಗಿಯೇ ಇರುತ್ತದೆ, ಬಳ್ಳಿ ಮಾತ್ರ ಆಗುವುದಿಲ್ಲ, ಏಕೆಂದರೆ ಅದಕ್ಕೆ ಗೆಣ್ಣಿಲ್ಲ. ಮನಿ ಪ್ಲಾಂಟಿನ ಎಲೆಯನ್ನು ಬಾಟಲಿಯಲ್ಲಿಟ್ಟು ಕಾಯುವವರಿಗೂ ಇದೇ ಗತಿ. ಕಡ್ಡಿ ಕೇಳುವಾಗ ಕನಿಷ್ಠ ಎರಡು ಗೆಣ್ಣಾದರೂ ಇರುವಂತೆ ಕೇಳಿ ಪಡೆಯಿರಿ.

ಗುಂಡಿಯಷ್ಟೇ ಇರುವ ದುಂಡನೆಯ ದಪ್ಪ ಎಲೆಗಳು ಜೋಡಿಜೋಡಿಯಾಗಿ ದಾರದಂಥ ಕಾಂಡದ ಮೇಲಿದ್ದು ಹಾಲೂ ಬಂದರೆ ಡಿಸ್ಕಿಡಿಯಾ. ಇದೇ ರೂಪವಿದ್ದು ಹಾಲು ಬಾರದಿದ್ದರೆ ಪೆಪರೋಮಿಯಾ ಇರಬಹುದು. ಪೆಪರೋಮಿಯಾ ವೀಳ್ಯದ ಕುಟುಂಬದ್ದು. ಹೂವೆಂದರೆ ಇಲಿಬಾಲದ ಹಾಗೆ ನೆಟ್ಟಗೆ ನಿಲ್ಲುವ ತೆಳ್ಳನೆಯ ತೆನೆ, ಅದು ಕಂಡಮೇಲೆ ಅನುಮಾನವೇ ಇಲ್ಲ. ಪೆಪರೋಮಿಯಾದಲ್ಲೇ ಹೃದಯದೆಲೆಯ, ಕೆನೆಬಣ್ಣದ ಅಂಚಿನ ಒಂದು ಬಗೆಯಿದ್ದು ಅದನ್ನೂ ಮನಿ ಪ್ಲಾಂಟ್ ಎಂದೇ ಕರೆಯುತ್ತಾರೆ. ಎಲೆ ಮಡಚಿದರೆ ರಸ ತುಂಬಿದ ಹಾಗೆ ಮುರಿಯುತ್ತದೆ, ಗೆಣ್ಣಿನಲ್ಲಿ ದಪ್ಪ ಗಾಳಿಬೇರು ಇರುವುದಿಲ್ಲ. ಬೆಕ್ಕು, ನಾಯಿ ಇರುವ ಮನೆಗೆ ಬಳ್ಳಿ ಬೇಕೆಂದರೆ ನಾನು ಹೇಳುವುದು ಹೋಯಾ ಮತ್ತು ಪೆಪರೋಮಿಯಾ. ಅಮೆರಿಕದ ಪ್ರಾಣಿರಕ್ಷಣಾ ಸಂಸ್ಥೆ ಎಎಸ್‌ಪಿಸಿಎ ತನ್ನ ಪಟ್ಟಿಯಲ್ಲಿ ಹೋಯಾ ಕಾರ್ನೋಸಾವನ್ನೂ ಪೆಪರೋಮಿಯಾಗಳನ್ನೂ ವಿಷವಲ್ಲದವು ಎಂದು ಸೇರಿಸಿದೆ.

ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ

ದುಂಡು ಕಾಂಡ ಸಲೀಸಾಗಿ ಹೊರಳುತ್ತದೆ, ಚೌಕ ಕಾಂಡ ತಡೆತಡೆದು ಹೊರಳುತ್ತದೆ. ತುಳಸಿಯ ಕಡ್ಡಿಯಲ್ಲಿ ಮೊದಲು ಅಭ್ಯಾಸ ಮಾಡಿ. ಜೋಡಿ ಎಲೆ, ಚೌಕ ಕಾಂಡ, ಹಿಸುಕಿದರೆ ವಾಸನೆ ಇದ್ದರೆ ತುಳಸಿ, ದೊಡ್ಡಪತ್ರೆಗಳ ಕುಟುಂಬ. ಹೊಳೆಯುವ ದುಂಡೆಲೆಗೆ ಗರಗಸದಂಥ ಅಂಚಿದ್ದರೆ ಅದು ಬಹುತೇಕ ಸ್ವೀಡಿಷ್ ಐವಿ. ಹೆಸರಿನಲ್ಲಿ ಸ್ವೀಡನ್ ಇದ್ದರೂ ಇದರ ತವರು ಆಫ್ರಿಕದ ದಕ್ಷಿಣ ಭಾಗ. ನಿಜವಾದ ಐವಿಯ ಕಾಂಡ ದುಂಡು, ಎಲೆ ಮೂರೋ ಐದೋ ಮೂಲೆಗಳದ್ದು. ಹತ್ತಲು ಬೇಕಾದ ಕುಚ್ಚುಬೇರುಗಳು ಅದಕ್ಕೆ ಗೆಣ್ಣಿನಲ್ಲಷ್ಟೇ ಅಲ್ಲ, ಕಾಂಡದುದ್ದಕ್ಕೂ ಹೊರಡುತ್ತವೆ. ಸೆಖೆ ಅದಕ್ಕೆ ಆಗದು. ಕರಾವಳಿಯಲ್ಲಿ ಒದ್ದಾಡುವ ಐವಿ ಮಡಿಕೇರಿಯಲ್ಲಿ ನಗುನಗುತ್ತ ಬೆಳೆಯುತ್ತದೆ.

ಎಲೆಗೆ ತೊಟ್ಟೇ ಇಲ್ಲದೆ, ಬುಡವು ಕಾಂಡವನ್ನು ಕೊಳವೆಯಂತೆ ಸುತ್ತಿಕೊಂಡಿದ್ದರೆ, ನರಗಳು ಹುಲ್ಲಿನ ಗರಿಯಂತೆ ಉದ್ದಕ್ಕೆ ಸಾಲಾಗಿದ್ದರೆ, ಕಾಂಡ ಗೆಣ್ಣಿನಲ್ಲಿ ಪಟ್ಟನೆ ಮುರಿದರೆ ಅದು ಟ್ರೇಡ್‌ಸ್ಕ್ಯಾಂಶಿಯಾ ಅಥವಾ ಅದರ ನೆಂಟ. ಮೇಲೆ ಎರಡು ಬೆಳ್ಳಿ ಪಟ್ಟೆ, ಕೆಳಗೆ ಕಡುನೇರಳೆ ಇದ್ದರೆ ಟ್ರೇಡ್‌ಸ್ಕ್ಯಾಂಶಿಯಾ ಜೆಬ್ರಿನಾ. ಇಡೀ ಗಿಡ ನೇರಳೆಯಾದರೆ ಪಾಲಿಡಾ. ಬೆರಳ ಉಗುರಿನಷ್ಟೇ ಎಲೆಗಳು ಒತ್ತೊತ್ತಾಗಿ ಬೆಳೆದು ಕುಂಡವನ್ನೇ ಮುಚ್ಚಿ ಜಲಪಾತದಂತೆ ಇಳಿದಿದ್ದರೆ ಟರ್ಟಲ್ ವೈನ್ ಎಂದು ಮಾರುವ ಕ್ಯಾಲೀಸಿಯಾ ರೆಪೆನ್ಸ್. ಇವೆಲ್ಲ ಮುರಿದ ತುಂಡಿನಿಂದಲೇ ಚಿಗುರುವುದರಿಂದ ಕತ್ತರಿಸಿದ್ದನ್ನು ತೋಟದ ಬೇಲಿಯಾಚೆ ಬಿಸಾಡಬೇಡಿ.

ಕಾಳಿನಂತೆ ಗುಂಡಾದ ಎಲೆಗಳ ಸರವನ್ನು ಯಾರೂ ಬೇರೆಯದೆಂದು ತಪ್ಪು ತಿಳಿಯಲಾರರು: ಸ್ಟ್ರಿಂಗ್ ಆಫ್ ಪರ್ಲ್ಸ್. ಪ್ರತಿ ಕಾಳಿನ ಮೇಲೂ ಗಾಜಿನಂಥ ಒಂದು ಸೀಳುಗೆರೆಯಿದೆ, ಬೆಳಕು ಒಳಗೆ ಹೋಗುವ ಕಿಟಕಿ ಅದು. ಹೃದಯದಾಕಾರದ ಸಣ್ಣ ಎಲೆಗಳ ಜೋಡಿಯ ನಡುವೆ, ಗೆಣ್ಣಿನಲ್ಲಿ ಮಣಿಯಂಥ ಗಡ್ಡೆ ಕಂಡರೆ ಸೆರೋಪಿಜಿಯಾ ವುಡಿಯೈ. ಈ ಗಡ್ಡೆಯನ್ನು ಮಣ್ಣಿನ ಮೇಲೆ ಒತ್ತಿಟ್ಟರೆ ಹೊಸ ಗಿಡ.

ಔಷಧಿಯೆಂದು ಬಂದ ಬಳ್ಳಿ

ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಡ್ಡಿ ಮನೆಮನೆ ಸುತ್ತಿತು. ಇದರ ಎಲೆಯೂ ಹೃದಯದಾಕಾರವೇ. ತೆಳು ಎಲೆ, ಉದ್ದನೆಯ ತೊಟ್ಟು, ತೊಟ್ಟಿನ ಎರಡೂ ತುದಿ ಸ್ವಲ್ಪ ಊದಿದ್ದು, ಬಲಿತ ಕಾಂಡದ ಮೇಲೆ ಸುಲಿಯುವ ಕಾಗದದಂಥ ತೊಗಟೆ, ಮೇಲಿನಿಂದ ದಾರದ ಹಾಗೆ ಇಳಿಯುವ ಬಿಳಲು, ಇವು ಅಮೃತಬಳ್ಳಿಯ ಗುರುತು. ಕಾಂಡದ ತುಂಬ ನರುಲಿಯಂಥ ದೊಡ್ಡ ದೊಡ್ಡ ಗಂಟುಗಳಿದ್ದರೆ ಅದು ಟೈನೋಸ್ಪೋರಾ ಕ್ರಿಸ್ಪಾ ಎಂಬ ಬೇರೆ ಜಾತಿ ಇರಬಹುದು. ಔಷಧಕ್ಕೆ ಅಮೃತಬಳ್ಳಿಯನ್ನೇ ಬಳಸಬೇಕು, ಕ್ರಿಸ್ಪಾದಿಂದ ಅಡ್ಡಪರಿಣಾಮವಾಗಬಹುದು ಎಂದು ಆಯುಷ್ ಸಚಿವಾಲಯವೇ ಎಚ್ಚರಿಸಿದೆ. ಕುಂಡದಲ್ಲಿನ ಬಳ್ಳಿಯ ಅಂದಕ್ಕಾಗಿ ಈ ಲೇಖನ ಸಾಕು. ಕಷಾಯಕ್ಕೆ ಇಳಿಸುವ ಮುನ್ನ ಗಿಡ ಬಲ್ಲ ವೈದ್ಯರಿಗೆ ಕಾಂಡವನ್ನೇ ಒಯ್ದು ತೋರಿಸಿ, ಎಲೆಯ ಫೋಟೊ ಸಾಲದು.

ದಾರಿಬದಿಯಿಂದ ತಂದ ಬಳ್ಳಿಗಳ ವಿಷಯದಲ್ಲೂ ಎಚ್ಚರ ಬೇಕು. ಕೊಡಗು, ಕೇರಳದ ತೋಟಗಳಲ್ಲಿ ಕಾಟ ಕೊಡುವ ಮಿಕಾನಿಯಾದ ಎಲೆಯೂ ಹೃದಯದಾಕಾರ. ಅದು ಜೋಡಿ ಎಲೆಯದು, ಎಲೆ ತೆಳು, ಬೆಳವಣಿಗೆ ಕಣ್ಣೆದುರೇ ಓಡುವಷ್ಟು ವೇಗ. ಅಂಥದ್ದನ್ನು ಕುಂಡಕ್ಕೆ ತರದಿರುವುದೇ ಸರಿ.

ಇನ್ನೂ ಗುರುತು ಸಿಗದಿದ್ದರೆ

ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್‌ನಂಥ ಆ್ಯಪ್‌ಗಳು ಉಪಯೋಗಕ್ಕೆ ಬರುತ್ತವೆ, ಆದರೆ ಇಡೀ ಕುಂಡದ ಒಂದು ಫೋಟೊ ಕೊಟ್ಟರೆ ಹೃದಯದೆಲೆಗೆಲ್ಲ ಒಂದೇ ಉತ್ತರ ಬರುತ್ತದೆ. ಗೆಣ್ಣು ಹತ್ತಿರದಿಂದ, ಎಲೆಯ ಹಿಂಬದಿ, ಬಿಚ್ಚುತ್ತಿರುವ ಕುಡಿ, ತೊಟ್ಟಿನ ಮೇಲ್ಭಾಗ, ಇವುಗಳ ಫೋಟೊ ಬೇರೆಬೇರೆಯಾಗಿ ತೆಗೆಯಿರಿ. ಪಕ್ಕದಲ್ಲಿ ಒಂದು ನಾಣ್ಯವೋ ಸ್ಕೇಲೋ ಇರಲಿ. ಎರಡು ಫೋಟೊಗೆ ಎರಡು ಉತ್ತರ ಬಂದರೆ ಗೆಣ್ಣಿನ ಫೋಟೊಗೆ ಬಂದ ಹೆಸರನ್ನು ಹಿಡಿದು, ಮೇಲೆ ಹೇಳಿದ ಗುರುತುಗಳೊಂದಿಗೆ ತಾಳೆ ನೋಡಿ. ಬೆಂಗಳೂರಿನವರಾದರೆ ಎರಡು ಗೆಣ್ಣಿನ ಒಂದು ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಒಂದು ಸುತ್ತು ಹಾಕಬಹುದು. ಹೆಸರು ಕೇಳುವ ಬದಲು ಇದೇ ಗಿಡ ನಿಮ್ಮಲ್ಲಿದ್ದರೆ ತೋರಿಸಿ ಎನ್ನಿ. ಪಕ್ಕದಲ್ಲಿಟ್ಟು ನೋಡುವಷ್ಟು ಖಚಿತ ಯಾವ ಹೆಸರಿನಿಂದಲೂ ಸಿಗದು.

ಹೆಸರು ಸಿಗುವ ತನಕ ಬಳ್ಳಿಯನ್ನು ಸಾಕುವ ಕ್ರಮ ಸರಳ. ನೇರ ಬಿಸಿಲು ಬೀಳದ, ಆದರೆ ಬೆಳಕು ಚೆನ್ನಾಗಿರುವ ಕಿಟಕಿಯ ಬಳಿ ಇಡಿ. ಎಲೆ ದಪ್ಪವಿದ್ದರೆ ಮಣ್ಣು ಪೂರ್ತಿ ಒಣಗಿದ ಮೇಲೆ, ತೆಳುವಿದ್ದರೆ ಮೇಲ್ಮಣ್ಣು ಒಣಗಿದ ಕೂಡಲೇ ನೀರು ಹಾಕಿ. ಕುಂಡವನ್ನು ಮಕ್ಕಳಿಗೂ ಬೆಕ್ಕಿಗೂ ಎಟುಕದ ಎತ್ತರದಲ್ಲಿ ತೂಗುಹಾಕಿ, ಹಂಬು ನೆಲದತ್ತ ಇಳಿದಾಗಲೆಲ್ಲ ಗೆಣ್ಣಿನ ಕೆಳಗೆ ಕತ್ತರಿಸುತ್ತಿರಿ. ಕತ್ತರಿಸಿದ ತುಂಡನ್ನು ಯಾರಿಗಾದರೂ ಕೊಡುವಾಗ ಗೊತ್ತಿದ್ದಷ್ಟು ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಕಟ್ಟಿ ಕೊಡಿ.